ಜಿರಳೆಗೂ ಒಂದು ಸಂಸಾರ

ಜಿರಳೆ! ಹೆಸರು ಕೇಳಿದೊಡನೆ ನಿಮ್ಮ ಕೈ ಪೊರಕೆಯತ್ತ ಹೋಯಿತಲ್ಲವೇ? ಆದರೆ ಅಮೆರಿಕದಲ್ಲಿ ದುಡ್ಡು ಕೊಟ್ಟು ಜಿರಳೆ ತಂದು ಸಾಕುವ ಮನೆಗಳೂ ಇವೆ. ಅಲ್ಲಿರುವ ಮಗಳ ಮನೆಗೆ ನೀವು ಹೋದಾಗ ಮೊಮ್ಮಗನ ಕೋಣೆಯಲ್ಲಿ ಇಂಥದೊಂದು ಡಬ್ಬ ಕಂಡರೆ ಛೀ, ಥೂ ಅನ್ನಬೇಡಿ. ಅದು ಅವನ ಓತಿಯ ಊಟ!

ಆಸ್ಟ್ರೇಲಿಯ ಮೂಲದ ‘ಬಿಯರ್ಡೆಡ್ ಡ್ರ್ಯಾಗನ್’ ನಮ್ಮ ಬೇಲಿಯ ಓತಿಕ್ಯಾತನ ದಾಯಾದಿ. ಮರಿಯಿದ್ದಾಗ ಅದಕ್ಕೆ ಹುಳುಹುಪ್ಪಟೆಯೇ ಮುಖ್ಯ ಆಹಾರ. ಬೆಳೆದ ಮೇಲೆ ಸೊಪ್ಪು ಹೆಚ್ಚು ಬೇಕು. ಇದಕ್ಕೆಂದೇ ಸಾಕುವುದು ದಕ್ಷಿಣ ಅಮೆರಿಕದ ‘ಡೂಬಿಯಾ’ ಜಿರಳೆ. ಇದು ನುಣುಪಾದ ಗೋಡೆ ಹತ್ತಲಾರದು. ಮೊಟ್ಟೆಗಳನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು, ಒಂದು ಸಲಕ್ಕೆ 20–30 ಮರಿ ಹಾಕುತ್ತದೆ. ಉದ್ದ ರೆಕ್ಕೆಯದು ಗಂಡು, ಮೋಟು ರೆಕ್ಕೆಯದು ಹೆಣ್ಣು.

ಸಾಕುವ ಕ್ರಮ

ನುಣುಪಾದ ಪ್ಲಾಸ್ಟಿಕ್ ಡಬ್ಬದ ಮುಚ್ಚಳ ಕೊರೆದು, ಗಾಳಿಯಾಡಲು ಸಣ್ಣ ಕಣ್ಣಿನ ಲೋಹದ ಜಾಲರಿ ಕೂಡಿಸಬೇಕು. ಒಳಗೆ ಮೊಟ್ಟೆ ಇಡುವ ರಟ್ಟಿನ ಟ್ರೇಗಳನ್ನು ನೆಟ್ಟಗೆ ನಿಲ್ಲಿಸಬೇಕು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣು ಸಾಕು. ಶಾಖ 28–32 ಡಿಗ್ರಿ ಸೆಲ್ಸಿಯಸ್ ಇರಲಿ; ಚಳಿಯಾದರೆ ಸಂತಾನ ನಿಂತೇಹೋಗುತ್ತದೆ. ಮರಿ ಬಲಿಯಲು ನಾಲ್ಕೈದು ತಿಂಗಳು ಬೇಕು. ಆತುರಪಟ್ಟು ದೊಡ್ಡವನ್ನೆಲ್ಲ ಓತಿಗೆ ಹಾಕಿದಿರೋ, ವಂಶವೇ ಮುಗಿಯಿತು!

ಜಿರಳೆಗೆ ಓಟ್ಸ್ ಪುಡಿ, ಕ್ಯಾರೆಟ್, ಕಿತ್ತಳೆ ಹೋಳು ಕೊಡಿ. ಮಿಕ್ಕಿದ್ದನ್ನು ಮರುದಿನವೇ ತೆಗೆಯಿರಿ. ಒಳಗೆ ತೇವ ನಿಂತರೆ ಬೂಷ್ಟು, ನಾತ ಎರಡೂ ಬರುತ್ತವೆ. ಜಿರಳೆ ತಿಂದದ್ದೇ ಓತಿಗೂ ಸೇರುವುದು, ನೆನಪಿರಲಿ. ಓತಿಯ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಜಿರಳೆ ಹಾಕಬೇಡಿ. ಹಾಕುವ ಮುನ್ನ ಕ್ಯಾಲ್ಸಿಯಂ ಪುಡಿ ಸವರಿ. ಕ್ಯಾಲ್ಸಿಯಂ ಸಾಲದಿದ್ದರೆ ಮೂಳೆ ಮೆತ್ತಗಾಗಿ ಓತಿಯ ಕಾಲು ಸೊಟ್ಟಗಾಗುತ್ತದೆ.

ಎರಡು ಎಚ್ಚರಿಕೆ

ಅಡುಗೆಮನೆಯಲ್ಲಿ ಸಿಕ್ಕ ಜಿರಳೆಯನ್ನು ಖಂಡಿತ ಹಾಕಬೇಡಿ. ಅದು ಎಲ್ಲಿ ಯಾವ ವಿಷ ತಿಂದಿದೆಯೋ! ಆ ವಿಷ ಓತಿಯ ಜೀವಕ್ಕೇ ಎರವಾದೀತು.

ಎರಡನೆಯದು ಇನ್ನೂ ಮುಖ್ಯ. ಜಿರಳೆಯ ಹಿಕ್ಕೆ ಮತ್ತು ಕಳಚಿದ ಪೊರೆಯ ಧೂಳಿನಿಂದ ಉಬ್ಬಸ ಕೆರಳುತ್ತದೆ. ಡಬ್ಬ ಶುಚಿ ಮಾಡುವಾಗ ಅಂಗಳಕ್ಕೆ ಒಯ್ದು, ಮಾಸ್ಕ್ ಹಾಕಿಕೊಳ್ಳಿ. ಆಮೇಲೆ ಸೋಪಿನಿಂದ ಕೈ ತೊಳೆಯಿರಿ. ಮನೆಯಲ್ಲಿ ಉಬ್ಬಸದ ಮಗುವಿದ್ದರೆ ಜಿರಳೆಯ ಸಂಸಾರವೇ ಬೇಡ. ಮೊಮ್ಮಗ ಮುನಿಸಿಕೊಂಡರೂ ಹತ್ತಿರ ಕೂರಿಸಿಕೊಂಡು ತಿಳಿಹೇಳಿ. ಓತಿಗೆ ಬೇರೆ ಹುಳು ಸಿಕ್ಕೀತು. ಮಗುವಿನ ಉಸಿರಿಗೆ ಬದಲಿ ಉಂಟೇ?