ಸಾಕ್ಷಿ ಸತ್ತ ಮೇಲೆ ಉಳಿಯುವ ಮಾತು

ಮನಸ್ಸಾಕ್ಷಿ, ಅಗ್ನಿಸಾಕ್ಷಿ, ದೇವರ ಸಾಕ್ಷಿ ಎಂದು ‘ಸಾಕ್ಷಿ’ ಎಂಬ ಶಬ್ದದ ಸಂತತಿ ನಮ್ಮ ಮಾತಿನಲ್ಲಿ ದೊಡ್ಡದು. ದಿನವೂ ಬಳಸುವ ಈ ಶಬ್ದದೊಳಗೆ ಒಂದು ಕಣ್ಣು ಅಡಗಿದೆಯೆಂಬುದು ಮಾತ್ರ ನಮಗೆ ಮರೆತುಹೋಗಿರುತ್ತದೆ. ‘ಸಾಕ್ಷಾತ್’ ಎಂದರೆ ಕಣ್ಣೆದುರಿಗೆ. ಹಾಗೆ ಕಣ್ಣಾರೆ ಕಂಡವನೇ ಸಾಕ್ಷಿಯೆಂದು ಪಾಣಿನಿಯು ಒಂದು ಸೂತ್ರವನ್ನೇ ಮಾಡಿದ್ದಾನೆ. ನಮ್ಮ ನ್ಯಾಯಾಲಯಗಳ ಸಾಕ್ಷ್ಯವಿಧಿಯಲ್ಲಿ ಅತ್ಯಂತ ಮುಖ್ಯವಾದ ನಿಯಮವೊಂದು ಈ ವ್ಯುತ್ಪತ್ತಿಯಲ್ಲಿಯೇ ಇದೆ. ನೋಡಬಹುದಾದ ಸಂಗತಿಯನ್ನು ನೋಡಿದವನೇ ಬಂದು ಹೇಳಬೇಕು. ಕೇಳಬಹುದಾದುದನ್ನು ಕೇಳಿದವನೇ ಹೇಳಬೇಕು. ‘ನಾನು ಕಾಣಲಿಲ್ಲ, ಆದರೆ ನೆರೆಮನೆಯವನು ಕಂಡೆನೆಂದು ಹೇಳಿದ’ ಎಂದು ಯಾರಾದರೂ ಕಟಕಟೆಯಲ್ಲಿ ನುಡಿಯಹೊರಟರೆ, ಎದುರು ಪಕ್ಷದ ವಕೀಲರು ಎದ್ದು ನಿಂತು ಆಕ್ಷೇಪಿಸುವುದು ಈ ಕಾರಣದಿಂದ.

ಈ ನಿಯಮವನ್ನು 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ 60ನೆಯ ಪ್ರಕರಣದಲ್ಲಿ ಹೇಳಿತ್ತು. ಅದರ ಕರಡನ್ನು ಸಿದ್ಧಪಡಿಸಿದವರು ಸರ್ ಜೇಮ್ಸ್ ಫಿಟ್ಜ್‌ಜೇಮ್ಸ್ ಸ್ಟೀಫನ್. ಸಾಹಿತ್ಯಾಸಕ್ತರಿಗೆ ಇನ್ನೊಂದು ಗುರುತನ್ನೂ ಹೇಳಬಹುದು: ಇವರು ಕಾದಂಬರಿಗಾರ್ತಿ ವರ್ಜೀನಿಯಾ ವುಲ್ಫ್ ಅವರ ದೊಡ್ಡಪ್ಪ. ಮನಸ್ಸಿನ ಹೊಯ್ದಾಟವನ್ನು ಬರೆದ ಸೊಸೆಮಗಳಿಗಿಂತ ಮೊದಲೇ, ಮನುಷ್ಯನ ಯಾವ ಮಾತನ್ನು ನಂಬಬೇಕು ಎಂಬುದನ್ನು ದೊಡ್ಡಪ್ಪ 167 ಪ್ರಕರಣಗಳಲ್ಲಿ ಹಿಡಿದಿಟ್ಟಿದ್ದರು. ನೂರೈವತ್ತು ವರ್ಷಕ್ಕೂ ಮೀರಿ ಬಾಳಿದ ಆ ಅಧಿನಿಯಮದ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಗೆ ಬಂದಿದೆ. 60 ಎಂಬುದು 55 ಆಗಿದೆ. ನಿಯಮದ ತಿರುಳು ಹಾಗೆಯೇ ಇದೆ.

ಕೇಳಿದ ಮಾತೆಲ್ಲ ಸುಳ್ಳೆಂದು ಕಾನೂನು ಭಾವಿಸಿದೆಯೇ? ಹಾಗೇನೂ ಇಲ್ಲ. ಲೋಕವ್ಯವಹಾರ ಬಹುಪಾಲು ನಡೆಯುವುದೇ ಕೇಳಿದ ಮಾತಿನ ಮೇಲೆ; ನಮ್ಮ ಹುಟ್ಟಿದ ದಿನವನ್ನು ಕೂಡ ನಾವು ಹಿರಿಯರಿಂದ ಕೇಳಿ ತಿಳಿದವರು. ನ್ಯಾಯಾಲಯದ ತೊಡಕು ಬೇರೆ. ಕಂಡವನು ಎದುರಿಗೆ ನಿಂತರೆ ಅವನಿಂದ ಪ್ರಮಾಣ ಮಾಡಿಸಬಹುದು, ಅವನ ಮುಖಭಾವವನ್ನು ನೋಡಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ಪಾಟೀಸವಾಲು ಹಾಕಬಹುದು. ಎಷ್ಟು ದೂರದಿಂದ ಕಂಡೆ, ಬೆಳಕು ಎಲ್ಲಿತ್ತು, ಆಪಾದಿತನಿಗೂ ನಿನಗೂ ಗದ್ದೆಯ ಬದುವಿನ ವ್ಯಾಜ್ಯವಿದೆಯಲ್ಲವೇ? ನೆರೆಮನೆಯವನ ಮಾತನ್ನು ಹೊತ್ತು ತಂದವನಿಗೆ ಈ ಪ್ರಶ್ನೆಗಳನ್ನು ಕೇಳಿ ಫಲವಿಲ್ಲ. ‘ಅದು ನನಗೆ ಗೊತ್ತಿಲ್ಲ, ಅವನು ಹಾಗೆಂದ’ ಎಂದು ಆತ ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಪರೀಕ್ಷೆಗೆ ಒಳಪಡದ ಮಾತಿನ ಆಧಾರದ ಮೇಲೆ ಒಬ್ಬನ ಪ್ರಾಣವನ್ನೋ ಸ್ವಾತಂತ್ರ್ಯವನ್ನೋ ಕಸಿಯಲು ಕಾನೂನು ಹಿಂಜರಿಯುತ್ತದೆ.

ಇಲ್ಲೊಂದು ಸೂಕ್ಷ್ಮವಿದೆ. ಇನ್ನೊಬ್ಬರು ಆಡಿದ ಮಾತನ್ನು ಸಾಕ್ಷಿ ಉಚ್ಚರಿಸಿದ ಮಾತ್ರಕ್ಕೆ ಅದು ನಿಷಿದ್ಧವಾಗಿಬಿಡುವುದಿಲ್ಲ. ತುರ್ತುಪರಿಸ್ಥಿತಿಯ ಕಾಲದ ಮಲಯದಲ್ಲಿ ಒಬ್ಬನ ಬಳಿ ಮದ್ದುಗುಂಡು ಸಿಕ್ಕಿ ಅವನಿಗೆ ಮರಣದಂಡನೆಯಾಯಿತು. ತನ್ನನ್ನು ಹಿಡಿದ ಬಂಡುಕೋರರು ಬೆದರಿಸಿದ್ದರಿಂದ ಅದನ್ನು ಹೊತ್ತೆನೆಂದು ಆತನ ವಾದ. ಅವರು ಏನೆಂದು ಬೆದರಿಸಿದರು ಎಂಬುದನ್ನು ಹೇಳಹೊರಟಾಗ, ಅದು ಕೇಳಿದ ಮಾತು ಎಂದು ವಿಚಾರಣಾ ನ್ಯಾಯಾಲಯ ತಡೆಯಿತು. 1956ರಲ್ಲಿ ಪ್ರಿವಿ ಕೌನ್ಸಿಲ್ ಇದು ತಪ್ಪೆಂದು ಹೇಳಿ ಶಿಕ್ಷೆಯನ್ನು ರದ್ದುಮಾಡಿತು. ಬೆದರಿಕೆಯ ಮಾತು ನಿಜವೋ ಸುಳ್ಳೋ ಎಂಬುದು ಅಲ್ಲಿ ಪ್ರಶ್ನೆಯಾಗಿರಲಿಲ್ಲ; ಆ ಮಾತು ಆಡಲ್ಪಟ್ಟಿತೇ, ಅದು ಇವನ ಕಿವಿಗೆ ಬಿದ್ದಿತೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಅವನೇ ನೇರ ಸಾಕ್ಷಿ.

ಇನ್ನು ನಿಜವಾದ ಕಷ್ಟಕ್ಕೆ ಬರೋಣ. ಕಂಡವನು ಸತ್ತೇಹೋಗಿದ್ದರೆ? ಅದರಲ್ಲಿಯೂ, ಕೊಲೆಯಾದವನೇ ಆ ಕೊಲೆಗೆ ಏಕೈಕ ಸಾಕ್ಷಿಯಾಗಿದ್ದರೆ? ಅವನಿಗೆ ಪಾಟೀಸವಾಲು ಹಾಕಲಾಗದೆಂದು ಅವನ ಕೊನೆಯ ಮಾತನ್ನು ತಳ್ಳಿಹಾಕಿದರೆ, ಸಾಕ್ಷಿಯನ್ನು ಇಲ್ಲವಾಗಿಸಿದ ಲಾಭ ಕೊಂದವನಿಗೇ ಸಲ್ಲುತ್ತದೆ. ಈ ಕಷ್ಟ ನಮ್ಮ ಪ್ರಾಚೀನರಿಗೂ ತಿಳಿಯದ್ದಲ್ಲ. ಸಾಕ್ಷಿಯು ಸತ್ತಿದ್ದರೆ ಅಥವಾ ದೇಶಾಂತರ ಹೋಗಿದ್ದರೆ ಅವನ ಬಾಯಿಂದ ಕೇಳಿದವರನ್ನು ಪ್ರಮಾಣವಾಗಿ ಒಪ್ಪಬಹುದೆಂದು ವಿಷ್ಣುಸ್ಮೃತಿಯಲ್ಲಿದೆ. ಹಳೆಯ ಅಧಿನಿಯಮದ 32ನೆಯ ಪ್ರಕರಣ, ಹೊಸದರ 26ನೆಯ ಪ್ರಕರಣ ಮಾಡಿರುವುದೂ ಹೆಚ್ಚುಕಡಿಮೆ ಇದನ್ನೇ. ತನ್ನ ಸಾವಿನ ಕಾರಣವನ್ನು, ಅಥವಾ ಆ ಸಾವಿನಲ್ಲಿ ಪರ್ಯವಸಾನವಾದ ಸನ್ನಿವೇಶವನ್ನು ಕುರಿತು ಒಬ್ಬನು ಆಡಿದ ಮಾತು, ಅವನು ಸತ್ತ ಮೇಲೆ ಸಾಕ್ಷ್ಯವಾಗುತ್ತದೆ. ಮರಣಕಾಲದ ಹೇಳಿಕೆ ಎನ್ನುವುದು ಇದಕ್ಕೇ.

ಹೆಸರು ಹಾಗಿದ್ದರೂ, ನಮ್ಮ ದೇಶದಲ್ಲಿ ಆ ಮಾತನ್ನು ಸಾಯುವ ಹೊತ್ತಿನಲ್ಲಿಯೇ ಆಡಿರಬೇಕೆಂದಿಲ್ಲ. ಇಂಗ್ಲೆಂಡಿನ ಸಾಂಪ್ರದಾಯಿಕ ನ್ಯಾಯದಲ್ಲಿ, ಹೇಳುವವನು ಬದುಕುವ ಆಸೆಯನ್ನು ಪೂರ್ತಿ ತೊರೆದಿರಬೇಕಾಗಿತ್ತು. ದೇವರ ಸನ್ನಿಧಿಗೆ ಹೊರಟವನು ಬಾಯಲ್ಲಿ ಸುಳ್ಳಿಟ್ಟುಕೊಂಡು ಹೋಗಲಾರ ಎಂಬ ನಂಬಿಕೆ ಅದರ ಬುನಾದಿ. ಸ್ಟೀಫನ್ ಈ ಷರತ್ತನ್ನು ಇಲ್ಲಿಗೆ ತರಲಿಲ್ಲ. ಅದರ ಪರಿಣಾಮ ಪಕಾಲ ನಾರಾಯಣಸ್ವಾಮಿ ಪ್ರಕರಣದಲ್ಲಿ ಸ್ಪಷ್ಟವಾಯಿತು. 1937ರ ಮಾರ್ಚ್ 23ರಂದು ಪುರಿ ನಿಲ್ದಾಣದಲ್ಲಿ, ರೈಲಿನ ಮೂರನೆಯ ದರ್ಜೆಯ ಡಬ್ಬಿಯೊಂದರಲ್ಲಿ ಒಂದು ಉಕ್ಕಿನ ಟ್ರಂಕು ಸಿಕ್ಕಿತು. ತೆರೆದರೆ ಒಳಗೆ ತುಂಡರಿಸಿದ ದೇಹ. ಪೀಠಾಪುರದವನಾದ ಆ ಮನುಷ್ಯ ಎರಡು ದಿನ ಮೊದಲು ಮನೆ ಬಿಡುವಾಗ, ತನಗೆ ಬರಬೇಕಾದ ಸಾಲದ ಹಣಕ್ಕಾಗಿ ಬರಹೇಳಿ ಆಪಾದಿತನ ಹೆಂಡತಿ ಪತ್ರ ಬರೆದಿರುವುದರಿಂದ ಬೆರ್ಹಾಂಪುರಕ್ಕೆ ಹೊರಟಿರುವೆನೆಂದು ತನ್ನ ಹೆಂಡತಿಗೆ ಹೇಳಿದ್ದ. ಆಗ ಅವನ ಮನಸ್ಸಿನಲ್ಲಿ ಸಾವಿನ ನೆರಳೂ ಇರಲಿಲ್ಲ. ಹಣ ಬರುವ ಉತ್ಸಾಹವಿದ್ದಿರಬೇಕು. ಹೊಸ್ತಿಲಲ್ಲಿ ಆಡಿದ ಆ ಸಾಧಾರಣ ಮಾತನ್ನು, ಅವನ ಸಾವಿನಲ್ಲಿ ಮುಗಿದ ವ್ಯವಹಾರದ ಸನ್ನಿವೇಶವೆಂದು 1939ರಲ್ಲಿ ಪ್ರಿವಿ ಕೌನ್ಸಿಲ್ಲಿನ ಲಾರ್ಡ್ ಆಟ್ಕಿನ್ ಅಂಗೀಕರಿಸಿದರು. ಆಪಾದಿತನ ಮೇಲ್ಮನವಿ ವಜಾ ಆಯಿತು.

ಮಾತೇ ಇಲ್ಲದ ಮಾತೂ ಇದರಲ್ಲಿ ಸೇರುತ್ತದೆ. 1885ರಲ್ಲಿ ಅಲಹಾಬಾದಿನ ಹೈಕೋರ್ಟಿನ ಮುಂದೆ ಬಂದ ಪ್ರಕರಣದಲ್ಲಿ, ಕತ್ತು ಕೊಯ್ಯಲ್ಪಟ್ಟ ಯುವತಿಯೊಬ್ಬಳಿಗೆ ದನಿ ಹೊರಡುತ್ತಿರಲಿಲ್ಲ. ಪ್ರಜ್ಞೆ ಮಾತ್ರ ಇತ್ತು. ಅಧಿಕಾರಿ ಒಂದೊಂದೇ ಹೆಸರು ಹೇಳುತ್ತ ಹೋದ, ಆಕೆ ಕೈಸನ್ನೆಯಿಂದ ಹೌದು ಅಲ್ಲ ಎಂದಳು. ಪ್ರಶ್ನೆಯನ್ನೂ ಸನ್ನೆಯನ್ನೂ ಕೂಡಿಸಿಕೊಂಡರೆ ಅದೊಂದು ನುಡಿದ ಹೇಳಿಕೆಯೇ ಎಂದು ಪೂರ್ಣಪೀಠ ತೀರ್ಮಾನಿಸಿತು.

ಇಷ್ಟು ಉದಾರವಾಗಿ ಒಳಗೆ ಬಿಟ್ಟುಕೊಂಡ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕು? ಯಾಜ್ಞವಲ್ಕ್ಯಸ್ಮೃತಿ ಕನಿಷ್ಠ ಮೂವರು ಸಾಕ್ಷಿಗಳಿರಬೇಕೆನ್ನುತ್ತದೆ; ಅದಕ್ಕೆ ‘ಮಿತಾಕ್ಷರಾ’ ವ್ಯಾಖ್ಯಾನವನ್ನು ವಿಜ್ಞಾನೇಶ್ವರ ಬರೆದದ್ದು ನಮ್ಮ ಕಲ್ಯಾಣದಲ್ಲಿ, ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ. ಇಂದಿನ ಕಾನೂನು ತಲೆ ಎಣಿಸುವುದಿಲ್ಲ. ನಂಬಲರ್ಹನಾದ ಒಬ್ಬನೇ ಸಾಕು. ಆ ಒಬ್ಬನು ಸತ್ತವನಾಗಿದ್ದರೂ ಸಾಕೇ? ಕುಶಾಲ್ ರಾವ್ ಪ್ರಕರಣದಲ್ಲಿ 1957ರಲ್ಲಿ ಸುಪ್ರೀಂ ಕೋರ್ಟು ಸಾಕೆಂದಿತು. ಬೇರೆ ಪುಷ್ಟಿ ಬೇಕೇಬೇಕೆಂಬ ನಿಯಮವಿಲ್ಲ, ಆದರೆ ಪಾಟೀಸವಾಲಿಗೆ ಸಿಗದ ಮಾತಾದ್ದರಿಂದ ನ್ಯಾಯಾಧೀಶರು ಅದನ್ನು ಅತಿ ಎಚ್ಚರದಿಂದ ಪರಿಶೀಲಿಸಬೇಕು. ಅಂದರೆ ವಕೀಲರು ಸತ್ತವಳಿಗೆ ಹಾಕಲಾರದ ಪ್ರಶ್ನೆಗಳನ್ನೆಲ್ಲ ನ್ಯಾಯಾಧೀಶರು ಆ ಕಾಗದಕ್ಕೆ ಹಾಕಬೇಕು.

‘ಸತ್ತವಳು’ ಎಂದು ಬೇಕೆಂದೇ ಹೇಳಿದೆ. ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದ ಹೆಂಗಸರ ಹೇಳಿಕೆಗಳಲ್ಲಿಯೇ ಈ ನಿಯಮದ ಕಠಿಣ ಪರೀಕ್ಷೆ ನಡೆಯುವುದು. ಹಾಸಿಗೆಯ ಬಳಿ ಯಾರಿದ್ದರು, ಗಂಡನ ಮನೆಯವರೇ, ತವರಿನವರೇ? ಬೆಳಿಗ್ಗೆ ‘ಒಲೆಯ ಬೆಂಕಿ ಸೆರಗಿಗೆ ತಗಲಿತು’ ಎಂದವಳು ಸಂಜೆ ಗಂಡನ ಹೆಸರು ಹೇಳಿದರೆ ಯಾವುದು ಭಯ, ಯಾವುದು ಸತ್ಯ? ಆಕೆಗೆ ಮಾತಾಡುವಷ್ಟು ಪ್ರಜ್ಞೆಯಿತ್ತೆಂದು ವೈದ್ಯರು ಬರೆದುಕೊಡುವುದು ವಾಡಿಕೆ. ಆ ಪ್ರಮಾಣಪತ್ರವಿಲ್ಲದಿದ್ದರೂ, ಬರೆದುಕೊಂಡವರ ಸಾಕ್ಷ್ಯದಿಂದ ಆಕೆಯ ಮನಃಸ್ಥಿತಿ ಸಿದ್ಧಪಟ್ಟರೆ ಸಾಕೆಂದು 2002ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ನಿರ್ಣಯಿಸಿತು.

ಹೇಳಿಕೆ ಪ್ರಶ್ನೋತ್ತರ ರೂಪದಲ್ಲಿರಲಿ, ಸಾಧ್ಯವಿದ್ದಷ್ಟೂ ಹೇಳಿದವರ ಮಾತಿನಲ್ಲಿಯೇ ಇರಲಿ ಎಂದು ಕುಶಾಲ್ ರಾವ್ ತೀರ್ಪು ಸೂಚಿಸಿದೆ. ಭಾಷೆಯನ್ನು ಪ್ರೀತಿಸುವವರು ಇದನ್ನು ಗಮನಿಸಬೇಕು. ‘ಎಣ್ಣಿ ಸುರುವಿ ಕಡ್ಡಿ ಕೊರದಾನ್ರೀ’ ಎಂದು ನರಳಿದವಳ ಬಾಯಲ್ಲಿ ‘ಸದರಿ ದಿನ ಸೀಮೆಎಣ್ಣೆ ಸುರಿದು ಅಗ್ನಿಸ್ಪರ್ಶ ಮಾಡಿದ್ದಿರುತ್ತದೆ’ ಎಂಬ ಕಚೇರಿ ಕನ್ನಡವನ್ನು ಇಟ್ಟರೆ, ಪಕ್ಷಪಾತವಿಲ್ಲದ ಗುಮಾಸ್ತನೂ ಆಕೆಯ ಸಾಕ್ಷ್ಯವನ್ನು ದುರ್ಬಲಗೊಳಿಸುತ್ತಾನೆ. ಆಕೆ ಹಾಗೆ ಮಾತಾಡುವವಳೇ ಎಂದು ಎದುರು ಪಕ್ಷದವರು ಕೇಳಿಯೇ ಕೇಳುತ್ತಾರೆ.

ಕೊನೆಗೊಂದು ವಿಚಿತ್ರ. ಇಷ್ಟೆಲ್ಲ ಜಾಗರೂಕತೆಯಿಂದ ಬರೆದುಕೊಂಡ ಮೇಲೆ ಆಕೆ ಬದುಕಿಕೊಂಡರೆ, ಆ ಕಾಗದ ಮರಣಕಾಲದ ಹೇಳಿಕೆಯಾಗಿ ಉಳಿಯುವುದಿಲ್ಲ. ಆಕೆ ಹಿಂದೆ ಆಡಿದ ಮಾತೆಂದು, ಆಕೆಯದೇ ಸಾಕ್ಷ್ಯಕ್ಕೆ ಪುಷ್ಟಿಯಾಗಿಯೋ ವಿರೋಧವಾಗಿಯೋ ಅದನ್ನು ತೋರಿಸಬಹುದು, ಅಷ್ಟೆ. ಗಾಯ ಮಾಯ್ದ ಮೇಲೆ ಆಕೆಯೇ ಕಟಕಟೆ ಹತ್ತಿ, ಪ್ರಮಾಣ ಮಾಡಿ, ನಡೆದುದನ್ನು ಮೊದಲಿನಿಂದ ಹೇಳಿ, ಪಾಟೀಸವಾಲಿಗೆ ಉತ್ತರ ಕೊಡಬೇಕು.