ಬಲಗೈ ಭಾಷೆ ಕೊಡದ ಸಂಕಮ್ಮ

ಒಂದೇ ಕಥೆಯನ್ನು ಹಾಡಿನಿಂದ ಹಾಡಿಗೆ ಬೆಳೆಸುತ್ತ ಹೋಗುವ ಧ್ವನಿಮುದ್ರಿಕೆಯನ್ನು ಪಶ್ಚಿಮದವರು ‘ಕಾನ್ಸೆಪ್ಟ್ ಆಲ್ಬಂ’ ಎನ್ನುತ್ತಾರೆ. ಬೀಟಲ್ಸ್ ತಂಡ 1967ರಲ್ಲಿ ಹೊರತಂದ ‘ಸಾರ್ಜೆಂಟ್ ಪೆಪ್ಪರ್ಸ್’ ಈ ಮಾತು ಬಂದಾಗಲೆಲ್ಲ ನೆನಪಾಗುವ ಹೆಸರು. ಒಬ್ಬರನ್ನೊಬ್ಬರು ಪೂರ್ತಿ ನಂಬಲಾರದ ಎರಡು ಜೀವಗಳ ತಳಮಳವನ್ನು ಹಾಡುಗಳ ಸರಣಿಯಲ್ಲಿ ಹಿಡಿಯುವುದು ಆಧುನಿಕರ ಶೋಧವೆಂದು ತಿಳಿದವರು ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಕಂಸಾಳೆಯವರ ಬಾಯಲ್ಲಿ ‘ಸಂಕಮ್ಮನ ಸಾಲು’ ಕೇಳಬೇಕು.

ಮಲೆಯ ಮಾದೇಶ್ವರನ ಮೌಖಿಕ ಕಾವ್ಯ ಹಲವು ‘ಸಾಲು’ಗಳಾಗಿ ಹರಡಿಕೊಂಡಿದೆ. ಮುಖ್ಯ ಗಾಯಕನಾದ ದೇವರಗುಡ್ಡ ಕಥೆ ಎತ್ತುತ್ತಾನೆ. ಹಿಮ್ಮೇಳದವರು ಸೊಲ್ಲು ಹಿಡಿಯುತ್ತಾರೆ. ಕಂಸಾಳೆ, ದಮ್ಮಡಿ, ಏಕನಾದಗಳ ಜೊತೆಯಲ್ಲಿ ಹಾಡು ಮಾತಾಗಿ, ಮಾತು ಮತ್ತೆ ಹಾಡಾಗಿ ಮುಂದುವರಿಯುತ್ತದೆ. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಪಠ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದರು. ಅದರ ಇಂಗ್ಲಿಷ್ ಅನುವಾದವನ್ನು ಸಾಹಿತ್ಯ ಅಕಾಡೆಮಿ 2001ರಲ್ಲಿ ಪ್ರಕಟಿಸಿತು.

ಸಂಕಮ್ಮ, ನೀಲೇಗೌಡ ಸೋಲಿಗ ದಂಪತಿ. ಜೇನು ತರಲು ಕಾಡಿಗೆ ಹೊರಡುವ ಗಂಡನಿಗೆ ಹೆಂಡತಿಯ ಚೆಲುವೇ ಭಯವಾಗುತ್ತದೆ. ತಾನು ಮರಳುವವರೆಗೆ ಶೀಲ ಕಾಯುವುದಾಗಿ ಬಲಗೈ ಮೇಲೆ ಭಾಷೆ ಕೊಡೆಂದು ಕೇಳುತ್ತಾನೆ. ಸಂಕಮ್ಮ ಒಪ್ಪುವುದಿಲ್ಲ. ಅವನು ಹಿಂಸಿಸುತ್ತಾನೆ, ಮಾಟ ಮಂತ್ರಗಳಿಂದ ಕಟ್ಟುಹಾಕಿ ಹೋಗುತ್ತಾನೆ. ಅವಳ ಮೊರೆಗೆ ಮಾದೇಶ್ವರ ಬರುತ್ತಾನೆ. ಬಂಧನ ಬಿಡಿಸಿ, ಕಾರಯ್ಯ, ಬಿಲ್ಲಯ್ಯರೆಂಬ ಇಬ್ಬರು ಮಕ್ಕಳ ವರ ಕೊಡುತ್ತಾನೆ.

ನನ್ನ ದೃಷ್ಟಿಯಲ್ಲಿ ಈ ಸಾಲಿನ ಜೀವ ಪವಾಡದಲ್ಲಿಲ್ಲ, ಆ ನಿರಾಕರಣೆಯಲ್ಲಿದೆ. ತಪ್ಪೇ ಮಾಡದವಳಿಗೆ ಭಾಷೆ ಕೊಡುವುದು ಕಷ್ಟದ ಕೆಲಸವೇನಲ್ಲ. ಕೊಟ್ಟಿದ್ದರೆ ಹಿಂಸೆಯೂ ತಪ್ಪುತ್ತಿತ್ತೇನೋ. ಆದರೆ ಭಾಷೆ ಕೊಟ್ಟ ಗಳಿಗೆಯಲ್ಲೇ ಅನುಮಾನಕ್ಕೆ ಹಕ್ಕು ಸಿಕ್ಕಿಬಿಡುತ್ತದೆ. ಇಂದು ಒಂದು ಆಣೆ ಕೇಳಿದವನು ನಾಳೆ ಇನ್ನೊಂದನ್ನು ಕೇಳದಿರುವನೆ? ನೀಲೇಗೌಡನ ಕ್ರೌರ್ಯಕ್ಕೆ ಕ್ಷಮೆಯಿಲ್ಲ. ಆದರೂ ಗಾಯಕರು ಅವನನ್ನು ಬರಿಯ ರಾಕ್ಷಸನಾಗಿಸುವುದಿಲ್ಲ. ಪ್ರೀತಿಯೇ ಕಾವಲಾಗಿ, ಕಾವಲೇ ಸೆರೆಮನೆಯಾಗುವ ಬಗೆಯನ್ನು ಸಾವಧಾನವಾಗಿ ಬಿಡಿಸಿಡುತ್ತಾರೆ.

ಈ ಸಾವಧಾನಕ್ಕೇ ಈಗ ಸಂಚಕಾರ ಬಂದಿದೆ. ಕ್ಯಾಸೆಟ್ ಕಾಲದಲ್ಲಿ ಮಾದಪ್ಪನ ಪದಗಳು ಮನೆಮನೆಗೆ ತಲುಪಿದವು, ನಿಜ. ಅರವತ್ತು ನಿಮಿಷದ ಕ್ಯಾಸೆಟ್ಟಿಗೆ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಅರ್ಧ ಗಂಟೆ ಮಾತ್ರ. ಇರುಳಿಡೀ ಹಾಡುವ ಕಥೆ ಅದಕ್ಕೆ ಒಗ್ಗಬೇಕಾಯಿತು. ಇಂದಿನ ಮೊಬೈಲಿನಲ್ಲಿ ಅಷ್ಟೂ ಉಳಿದಿಲ್ಲ: ಕಂಸಾಳೆ ಕುಣಿತದ ಎರಡು ನಿಮಿಷದ ತುಣುಕು ಓಡಾಡುತ್ತದೆ, ದೇವರ ಮಹಿಮೆ ಉಳಿಯುತ್ತದೆ. ದೇವರು ಬರುವುದಕ್ಕೆ ಮುಂಚೆ ಒಂಟಿಯಾಗಿ ‘ಇಲ್ಲ’ ಎಂದ ಹೆಣ್ಣು ಕಾಣೆಯಾಗುತ್ತಾಳೆ.

ಹೆಂಡತಿಯ ಫೋನು ತಪಾಸಿಸುವ, ಎಲ್ಲಿದ್ದೀಯೆಂದು ಗಳಿಗೆಗೊಮ್ಮೆ ಪುರಾವೆ ಕೇಳುವ ಗಂಡಂದಿರು ನಮ್ಮ ಸುತ್ತಲೇ ಇದ್ದಾರೆ. ಬಲಗೈ ಭಾಷೆಯ ರೂಪ ಬದಲಾಗಿದೆ, ಅಷ್ಟೆ. ಆದ್ದರಿಂದ ಸಂಕಮ್ಮನ ಸಾಲನ್ನು ತುಣುಕಾಗಿಸದೆ, ಹಾಡುವವರಿಗೆ ತಕ್ಕ ಸಂಭಾವನೆ ಕೊಟ್ಟು, ಆದಿಯಿಂದ ಅಂತ್ಯದವರೆಗೆ ಧ್ವನಿಮುದ್ರಿಸುವುದು ಜಾನಪದ ಸಂರಕ್ಷಣೆಯಷ್ಟೇ ಅಲ್ಲ. ಅದು ನಮ್ಮ ಹೆಣ್ಣುಮಕ್ಕಳಿಗೆ ಅವರದೇ ಸೀಮೆಯ ಒಂದು ಉತ್ತರವನ್ನು ಉಳಿಸಿಕೊಡುವ ಕೆಲಸ.