ದುಬಾರಿ ಪೆಟ್ರೋಲು ಬೇಕೇ?

ಶಿಡ್ಲಘಟ್ಟದ ಮಾರುಕಟ್ಟೆಗೆ ಸ್ಕೂಟರಿನಲ್ಲಿ ರೇಷ್ಮೆಗೂಡು ಸಾಗಿಸುವ ರೈತನು ದುಬಾರಿ ಪೆಟ್ರೋಲು ಹಾಕಿಸಿದರೆ ವಾಹನವು ಹೆಚ್ಚು ದೂರ ಓಡುವುದೇ? ಹಾಗೆಂದು ನಂಬುವವರು ಅನೇಕರು. ನಾವಿದನ್ನು ವಿಚಾರಿಸಿ ನೋಡೋಣ.

ಎಂಜಿನಿನ ಸಿಲಿಂಡರಿನೊಳಗೆ ಪಿಸ್ಟನ್ನು ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಒತ್ತುವುದು. ಒತ್ತಿದಷ್ಟೂ ಅದು ಕಾಯುವುದು. ಕಿಡಿಯಿಂದ ಹೊತ್ತಿದ ಜ್ವಾಲೆಯು ತಲಪುವ ಮೊದಲೇ ಉಳಿದ ಮಿಶ್ರಣವು ತಾನಾಗಿ ಉರಿದರೆ ಟಕಟಕನೆ ಬಡಿತ ಕೇಳಿಬರುವುದು. ಅದು ಮುಂದುವರಿದರೆ ಎಂಜಿನು ಕೆಡುವುದು. ಈ ಬಡಿತವನ್ನು ತಡೆಯುವ ಗುಣದ ಅಳತೆಯೇ ಆಕ್ಟೇನ್ ಸಂಖ್ಯೆ. ಐಸೊಆಕ್ಟೇನಿಗೆ 100, ಹೆಪ್ಟೇನಿಗೆ 0 ಎಂದು ಎಣಿಸುವರು. 95 ಎಂದರೆ, 95 ಪಾಲು ಐಸೊಆಕ್ಟೇನು ಮತ್ತು 5 ಪಾಲು ಹೆಪ್ಟೇನು ಬೆರೆತ ಮಿಶ್ರಣದಷ್ಟೇ ಬಡಿತವನ್ನು ತಡೆಯುವುದೆಂದು ಅರ್ಥ. ಅದು ಶಕ್ತಿಯ ಅಳತೆಯಲ್ಲ.

ಚಿಕ್ಕಬಳ್ಳಾಪುರವು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವು ಮಂಗಳೂರಿಗಿಂತ ಸುಮಾರು ಹತ್ತರಲ್ಲೊಂದು ಪಾಲು ಕಡಮೆ. ಆದುದರಿಂದ ಟರ್ಬೊ ಇಲ್ಲದ ಎಂಜಿನಿಗೆ ಬಡಿತದ ಭಯವೂ ತುಸು ಕಡಮೆ.

ಕೆಲವು ದುಬಾರಿ ಪೆಟ್ರೋಲುಗಳಲ್ಲಿ ಎಂಜಿನನ್ನು ಶುಚಿಯಾಗಿಡುವ ದ್ರವ್ಯಗಳಿರುವುದುಂಟು. ಆ ಮಾತು ಬೇರೆ. ಆಕ್ಟೇನಿನ ಮಟ್ಟಿಗೆ ವಾಹನದ ಕೈಪಿಡಿಯೇ ಪ್ರಮಾಣ. ಅದು ಸಾಧಾರಣ ಪೆಟ್ರೋಲು ಸಾಕೆಂದರೆ ಹೆಚ್ಚಿನ ಆಕ್ಟೇನಿಗೆ ತೆತ್ತ ಹಣ ವ್ಯರ್ಥ. ಹೆಚ್ಚಿನ ಸಂಖ್ಯೆಯೇ ಬೇಕೆಂದರೆ ಅಲ್ಲಿ ಮಾಡಿದ ಉಳಿತಾಯವೇ ನಷ್ಟ.